ಮೋಲ್ಡ್‌ಗೆ ಕಾಂಕ್ರೀಟ್ ಎಷ್ಟು ಬೇಕು?

ಉದ್ದ ಗುಣಿಸು ಅಗಲ ಗುಣಿಸು ದಪ್ಪ. ಇಷ್ಟು ಹೈಸ್ಕೂಲ್ ಮಕ್ಕಳಿಗೂ ಬರುತ್ತೆ. ಆದರೂ ಮೋಲ್ಡ್ ಹಾಕುವ ದಿನ ಸಂಜೆ ಒಂದು ಮೂಲೆ ಖಾಲಿ ಇರುವಾಗಲೇ ಸಿಮೆಂಟ್ ಮುಗಿದು, ಅಂಗಡಿಗೆ ಓಡುವ ದೃಶ್ಯ ನಮ್ಮ ಊರುಗಳಲ್ಲಿ ಹೊಸದೇನಲ್ಲ. ಗೋಡೆಗೆ ಇಟ್ಟಿಗೆ ಕಡಿಮೆ ಬಿದ್ದರೆ ನಾಳೆ ತರಬಹುದು. ಸ್ಲ್ಯಾಬ್‌ಗೆ ಆ ಅನುಕೂಲ ಇಲ್ಲ. ಮೊದಲು ಹಾಕಿದ ಕಾಂಕ್ರೀಟ್ ಗಟ್ಟಿಯಾಗತೊಡಗಿದ ಮೇಲೆ ಪಕ್ಕಕ್ಕೆ ಹೊಸದು ಸುರಿದರೆ ಎರಡೂ ಒಂದಾಗುವುದಿಲ್ಲ. ಇದೇ ಕೋಲ್ಡ್ ಜಾಯಿಂಟ್. ಮಳೆಗಾಲದಲ್ಲಿ ಸೂರು ಸೋರಲು ಇಂಥ ಒಂದು ಗೆರೆ ಸಾಕು.

ಒಂದು ಲೆಕ್ಕ ಹಿಡಿಯೋಣ. 8 ಮೀಟರ್ ಅಗಲ, 10 ಮೀಟರ್ ಉದ್ದದ ಮನೆ. ಒಂಬತ್ತು ಕಾಲಮ್, 4 × 5 ಮೀಟರ್‌ನ ನಾಲ್ಕು ಪ್ಯಾನೆಲ್. ಸ್ಲ್ಯಾಬ್ ದಪ್ಪ 125 ಮಿ.ಮೀ., ಬೀಮ್ 230 × 450. ಮೆಟ್ಟಿಲಿಗೆ 2 × 4 ಮೀಟರ್ ಜಾಗ ಬಿಟ್ಟರೆ ಉಳಿಯುವುದು 72 ಚದರ ಮೀಟರ್. ಅದನ್ನು 0.125ರಿಂದ ಗುಣಿಸಿದರೆ ಸ್ಲ್ಯಾಬ್‌ಗೆ ಸರಿಯಾಗಿ 9 ಘನ ಮೀಟರ್.

ಈಗ ಬೀಮ್. ಒಂದಕ್ಕೊಂದು ಸೇರುವ ಜಾಗಗಳನ್ನು ಎರಡು ಸಲ ಎಣಿಸದೆ ಒಟ್ಟು ಉದ್ದ 56 ಮೀಟರ್ ಎಂದಿಟ್ಟುಕೊಳ್ಳಿ. ಡ್ರಾಯಿಂಗ್‌ನಲ್ಲಿ 450 ಎಂದಿದೆ ಅಂತ ಅದನ್ನೇ ಹಾಕಿದರೆ 5.8 ಘನ ಮೀಟರ್ ಬರುತ್ತೆ, ಅದು ತಪ್ಪು. ಆ 450ರಲ್ಲಿ ಮೇಲಿನ 125 ಆಗಲೇ ಸ್ಲ್ಯಾಬ್ ಲೆಕ್ಕದಲ್ಲಿ ಸೇರಿದೆ. ಕೆಳಗೆ ಇಳಿದಿರುವುದು 325 ಮಾತ್ರ: 56 × 0.23 × 0.325, ಅಂದರೆ 4.19. ಒಟ್ಟು 13.19 ಘನ ಮೀಟರ್. ಚೆಲ್ಲುವುದು, ಡ್ರಮ್ಮಿಗೆ ಅಂಟುವುದು ಎಂದು ನೂರಕ್ಕೆ ಮೂರು ಸೇರಿಸಿದರೆ 13.6.

ಆ ಮೂರು ಪರ್ಸೆಂಟ್ ನಿಜವಾಗಿ ಎಷ್ಟು ಅಂತ ನೋಡಿ. 0.4 ಘನ ಮೀಟರನ್ನು 72 ಚದರ ಮೀಟರ್ ಮೇಲೆ ಹರಡಿದರೆ ಐದೂವರೆ ಮಿಲಿಮೀಟರ್ ದಪ್ಪ! ಸೆಂಟ್ರಿಂಗ್ ಹಲಗೆ ನಡುವೆ ಸ್ವಲ್ಪ ತಗ್ಗಿದ್ದರೆ, ಮಟ್ಟ ಎಳೆಯುವವರು ಒಂದಿಷ್ಟು ಧಾರಾಳಿಯಾಗಿದ್ದರೆ ಅಷ್ಟೂ ಹೋಯಿತು. 125 ಇರಬೇಕಾದ್ದು ಸರಾಸರಿ 135 ಆದರೆ 0.72 ಘನ ಮೀಟರ್ ಹೆಚ್ಚು ಬೇಕು, ಸುಮಾರು ಆರು ಚೀಲ ಸಿಮೆಂಟಿನ ಕಾಂಕ್ರೀಟ್. ಉದ್ದ ಅಳೆಯುವಾಗ ಒಂದು ಇಂಚು ತಪ್ಪಿದರೆ ಹೆಚ್ಚೇನೂ ಆಗಲ್ಲ. ದಪ್ಪದಲ್ಲಿ ಅರ್ಧ ಇಂಚು ತಪ್ಪಿದರೆ ಇಡೀ ಅಂದಾಜು ತಲೆಕೆಳಗು. ಹಾಗಾಗಿ ಕಾಂಕ್ರೀಟ್ ಹಾಕುವ ಮೊದಲು ಒಂದು ದಾರ ಕಟ್ಟಿ, ಹತ್ತು ಹನ್ನೆರಡು ಕಡೆ ದಾರದಿಂದ ಹಲಗೆಗೆ ಟೇಪು ಹಿಡಿದು ಸರಾಸರಿ ತೆಗೆಯಿರಿ. ಲೆಕ್ಕಕ್ಕೆ ಆ ಸರಾಸರಿಯನ್ನೇ ಹಾಕಿ, ಡ್ರಾಯಿಂಗ್‌ನ 125 ಅಲ್ಲ.

ಮುಂದಿನದು 1.54. ಪರೀಕ್ಷೆಗೆ ಬಾಯಿಪಾಠ ಮಾಡಿರ್ತೀವಿ, ಯಾಕೆ ಅಂತ ಕೇಳಿದರೆ ತಡವರಿಸ್ತೀವಿ. ಜಲ್ಲಿಯ ಸಂದಿಗಳಿಗೆ ಮರಳು, ಮರಳಿನ ಸಂದಿಗಳಿಗೆ ಸಿಮೆಂಟು ಇಳಿಯುತ್ತೆ. ಅದಕ್ಕೇ ಒಂದು ಘನ ಮೀಟರ್ ಹಸಿ ಕಾಂಕ್ರೀಟಿಗೆ ಬಿಡಿ ಸಾಮಗ್ರಿ ಸುಮಾರು 1.54 ಘನ ಮೀಟರ್ ಬೇಕು. ಎಂ20ಕ್ಕೆ 1:1.5:3 ಹಿಡಿದರೆ ಸಿಮೆಂಟಿನ ಪಾಲು 1.54 ಭಾಗಿಸು 5.5, ಅಂದರೆ 0.28 ಘನ ಮೀಟರ್. ಸಿಮೆಂಟಿನ ಸಾಂದ್ರತೆ 1440 ಎಂದರೆ 403 ಕೆ.ಜಿ., ಎಂಟು ಚೀಲ. ನಮ್ಮ 13.6ಕ್ಕೆ 110 ಚೀಲ ಸಿಮೆಂಟು, 202 ಘನ ಅಡಿ ಎಂ-ಸ್ಯಾಂಡ್, 403 ಘನ ಅಡಿ ಜಲ್ಲಿ. ನೀರು ಚೀಲಕ್ಕೆ 30 ಲೀಟರ್ ಮೀರಬಾರದು ಎಂದು ಐಎಸ್ 456 ಹೇಳುತ್ತೆ. ಸೈಟಿನಲ್ಲಿ ಪೈಪು ಹಿಡಿದವರಿಗೆ ಇದನ್ನು ಹೇಳುವ ಧೈರ್ಯ ನಮಗೆ ಬರಬೇಕು, ಅಷ್ಟೇ!

ಮರಳು ಒದ್ದೆಯಾಗಿದ್ದರೆ ಇನ್ನೊಂದು ಪೇಚು. ತೇವದ ಮರಳು ಉಬ್ಬುತ್ತೆ. ಜಾಡಿಯಲ್ಲಿ 200 ಮಿ.ಮೀ. ಎತ್ತರಕ್ಕೆ ಸಡಿಲವಾಗಿ ತುಂಬಿ, ಮುಳುಗುವಷ್ಟು ನೀರು ಹಾಕಿ ಕಲಕಿ ಬಿಡಿ. ಮರಳು 160ಕ್ಕೆ ಇಳಿದರೆ ಉಬ್ಬು ಶೇಕಡ 25. ಆಗ ಒಂದು ಬಾಂಡ್ಲಿ ಬದಲು ಒಂದೂಕಾಲು ಬಾಂಡ್ಲಿ ಹಾಕಬೇಕು. ಹಾಕದಿದ್ದರೆ ಪ್ರತಿ ಮಿಕ್ಸಿನಲ್ಲೂ ಮರಳು ಕಡಿಮೆ, ಕಾಂಕ್ರೀಟೂ ಕಡಿಮೆ.

ರೆಡಿಮಿಕ್ಸ್ ತರಿಸುವುದಾದರೆ 1.54 ಮರೆತುಬಿಡಿ. ಅಲ್ಲಿ ಮಾರುವುದೇ ಹಸಿ ಕಾಂಕ್ರೀಟು. 13.6ನ್ನು ಮತ್ತೆ 1.54ರಿಂದ ಗುಣಿಸಿ 21 ಘನ ಮೀಟರ್ ಆರ್ಡರ್ ಕೊಟ್ಟರೆ ಉಳಿದ ಏಳನ್ನು ರಸ್ತೆಗೆ ಸುರಿಯಬೇಕಷ್ಟೆ.

ದುಡ್ಡಿನ ವಿಷಯ. ದರ ಊರೂರಿಗೂ ಬೇರೆ, ತಿಂಗಳು ತಿಂಗಳಿಗೂ ಬೇರೆ. ಕೆಳಗಿನವು ಉದಾಹರಣೆಗೆ ಮಾತ್ರ. ಚೀಲಕ್ಕೆ 400 ಎಂದರೆ ಸಿಮೆಂಟು 44,000 ರೂಪಾಯಿ. ಘನ ಅಡಿಗೆ 55ರಂತೆ ಎಂ-ಸ್ಯಾಂಡ್ 11,110, ಜಲ್ಲಿ 45ರಂತೆ 18,135. ಒಟ್ಟು 73 ಸಾವಿರ ಚಿಲ್ಲರೆ. ಕಬ್ಬಿಣ ಸ್ಲ್ಯಾಬ್‌ನಲ್ಲಿ ಶೇಕಡ 1, ಬೀಮ್‌ನಲ್ಲಿ 1.5 ಎಂದು ಸದ್ಯಕ್ಕೆ ಹಿಡಿದರೆ ಸುಮಾರು 1,200 ಕೆ.ಜಿ., 65ರಂತೆ 78,000. ಅಂದರೆ ಚರ್ಚೆಯೆಲ್ಲ ಸಿಮೆಂಟಿನ ಬಗ್ಗೆ, ಹೆಚ್ಚು ಖರ್ಚು ಕಬ್ಬಿಣಕ್ಕೆ. ಬಾರ್ ಬೆಂಡಿಂಗ್ ಶೆಡ್ಯೂಲ್ ಕೈಗೆ ಬಂದ ಕೂಡಲೇ ಈ ಶೇಕಡ ಲೆಕ್ಕವನ್ನು ಕೈಬಿಡಿ.

ಸೆಂಟ್ರಿಂಗ್‌ನವರು ಚದರದ ಲೆಕ್ಕ ಹೇಳುತ್ತಾರೆ, ಒಂದು ಚದರ ಅಂದರೆ ನೂರು ಚದರ ಅಡಿ. ನಮ್ಮ ಸ್ಲ್ಯಾಬ್ ಮೇಲಿನಿಂದ ನೋಡಿದರೆ ಏಳೂಮುಕ್ಕಾಲು ಚದರ. ಬೀಮ್‌ಗಳ ಎರಡೂ ಪಕ್ಕ ಸೇರಿಸಿದರೆ ಹನ್ನೊಂದೂವರೆ ದಾಟುತ್ತೆ. ಯಾವ ಅಳತೆಗೆ ದರ ಎಂದು ಮೇಸ್ತ್ರಿಯನ್ನು ಕೆಲಸಕ್ಕೆ ಮುಂಚೆಯೇ ಕೇಳಿ. ಆಮೇಲೆ ಕೇಳಿದರೆ ಜಗಳ.

ಇಷ್ಟೆಲ್ಲ ಆದ ಮೇಲೂ ಕೊನೆಯ ಲಾರಿಯ ಅಳತೆಯನ್ನು ಮೊದಲೇ ಹೇಳಬೇಡಿ. 6 ಘನ ಮೀಟರಿನ ಎರಡು ಲಾರಿ ಬಂದರೆ 12, ಇನ್ನು 1.6 ಬೇಕು ಅಂತ ಕಾಗದ ಹೇಳುತ್ತೆ. ಎರಡನೇ ಲಾರಿ ಖಾಲಿಯಾಗುತ್ತಿರುವಾಗ ಒಬ್ಬರು ಟೇಪು ಹಿಡಿದು ಉಳಿದ ಜಾಗ ಅಳೆದು, ದಪ್ಪ ನೋಡಿ, ಆಮೇಲೆ ಪ್ಲಾಂಟಿಗೆ ಫೋನ್ ಮಾಡಲಿ. ಲಾರಿ ಬರಲು ಹಿಡಿಯುವ ಸಮಯವನ್ನೂ ಲೆಕ್ಕಕ್ಕೆ ತಗೊಳ್ಳಿ. ಏನೇ ಮಾಡಿದರೂ ನಿಲ್ಲಿಸಲೇಬೇಕಾಗಿ ಬಂದರೆ ಬೀಮಿನ ಮುಖದ ಹತ್ತಿರ ನಿಲ್ಲಿಸಬೇಡಿ. ಶಿಯರ್ ಕಡಿಮೆ ಇರುವ ನಡು ಭಾಗದಲ್ಲಿ, ಹಲಗೆ ನಿಲ್ಲಿಸಿ ಅಂಚು ನೇರ ಮಾಡಿ. ಮರುದಿನ ಆ ಅಂಚನ್ನು ಒರಟು ಮಾಡಿ, ತೊಳೆದು, ಸಿಮೆಂಟು ಹಾಲು ಬಳಿದು ಮುಂದುವರಿಸಿ.