ತಂತ್ರಜ್ಞಾನದ ಬದಲಾಗುವ ದಿಕ್ಕು: ಠಾಣೆ ಪರಿಸರದ ನಿದರ್ಶನ

ತಂತ್ರಜ್ಞಾನದ ಪ್ರಗತಿಯು ಎಲ್ಲ ಕಾಲದಲ್ಲಿಯೂ ಒಂದೇ ದಿಕ್ಕಿನಲ್ಲಿ ಸಾಗುವುದಿಲ್ಲ. ಸಮಾಜದ ಬಂಡವಾಳ, ಪರಿಶ್ರಮ ಮತ್ತು ಗಮನಗಳು ಕಾಲಾನುಕ್ರಮದಲ್ಲಿ ಒಂದು ಕ್ಷೇತ್ರದಿಂದ ಮತ್ತೊಂದಕ್ಕೆ ಸರಿಯುತ್ತವೆ. ಕನ್ನಡಿಗರೂ ಗಣನೀಯ ಸಂಖ್ಯೆಯಲ್ಲಿ ನೆಲೆಸಿರುವ ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿ ಪ್ರದೇಶಗಳ ಇತಿಹಾಸವು ಇದಕ್ಕೆ ಉತ್ತಮ ನಿದರ್ಶನವಾಗಿದೆ.

1853ರ ಏಪ್ರಿಲ್ 16ರಂದು ದೇಶದ ಪ್ರಥಮ ಪ್ರಯಾಣಿಕರ ರೈಲು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ಸುಮಾರು 34 ಕಿಲೋಮೀಟರು ದೂರ ಸಂಚರಿಸಿತು. ಮರುವರ್ಷ ಈ ಮಾರ್ಗವು ಕಲ್ಯಾಣವನ್ನು ತಲಪಿತು. ದೂರವನ್ನು ಜಯಿಸುವುದೇ ಅಂದಿನ ತಂತ್ರಜ್ಞರ ಮುಖ್ಯ ಗುರಿಯಾಗಿತ್ತು. ಉಗಿಯಂತ್ರ, ಸೇತುವೆ ಹಾಗೂ ಸುರಂಗಗಳ ನಿರ್ಮಾಣಕ್ಕೆ ಆದ್ಯತೆ ದೊರೆಯಿತು.

ಪ್ರಯಾಣಿಕರ ದಟ್ಟಣೆ ಹೆಚ್ಚಿದಂತೆ ಗಮನವು ಚಾಲಕಶಕ್ತಿಯತ್ತ ಹೊರಳಿತು. 1925ರ ಫೆಬ್ರವರಿ 3ರಂದು ಮುಂಬಯಿಯಲ್ಲಿ ದೇಶದ ಮೊದಲ ವಿದ್ಯುತ್ ರೈಲು ಓಡಿತು. 1930ರ ವೇಳೆಗೆ ವಿದ್ಯುತ್ ಮಾರ್ಗವು ಕಲ್ಯಾಣದ ಮೂಲಕ ಘಟ್ಟವನ್ನೇರಿ ಪುಣೆಯವರೆಗೆ ವಿಸ್ತರಿಸಿತು. ಉಗಿಯಂತ್ರಕ್ಕೆ ಕಷ್ಟಸಾಧ್ಯವಾಗಿದ್ದ ಕಡಿದಾದ ಏರು ಇದರಿಂದ ಸುಗಮವಾಯಿತು.

ಸ್ವಾತಂತ್ರ್ಯಾನಂತರ ಉತ್ಪಾದನೆಗೆ ಪ್ರಾಧಾನ್ಯ ಲಭಿಸಿತು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಲಾಯಿತು. ಠಾಣೆಯ ವಾಗಳೆ ಎಸ್ಟೇಟ್, ಡೊಂಬಿವಲಿ ಮತ್ತು ಠಾಣೆ–ಬೇಲಾಪುರ ಪಟ್ಟಿಯಲ್ಲಿ ಯಂತ್ರೋಪಕರಣ, ರಾಸಾಯನಿಕ, ಔಷಧ ಮೊದಲಾದ ಕಾರ್ಖಾನೆಗಳು ತಲೆಯೆತ್ತಿದವು. 1970ರಲ್ಲಿ ಸಿಡ್ಕೊ ಸಂಸ್ಥೆಯು ಅಸ್ತಿತ್ವಕ್ಕೆ ಬಂದು ನವಿ ಮುಂಬಯಿ ನಗರವನ್ನು ರೂಪಿಸತೊಡಗಿತು. ಮುಂದೆ ಗಣಕಯಂತ್ರದ ಯುಗದಲ್ಲಿ ಐರೋಲಿ, ಮಹಾಪೆ ಪರಿಸರದಲ್ಲಿ ತಂತ್ರಾಂಶ ಸಂಸ್ಥೆಗಳೂ ದತ್ತಾಂಶ ಕೇಂದ್ರಗಳೂ ನೆಲೆಗೊಂಡವು. 2004ರಲ್ಲಿ ಪ್ರಾರಂಭವಾದ ಠಾಣೆ–ವಾಶಿ ರೈಲುಮಾರ್ಗವು ಈ ಉದ್ಯೋಗಸ್ಥಳಗಳನ್ನು ಡೊಂಬಿವಲಿ, ಕಲ್ಯಾಣಗಳ ನಿವಾಸಿಗಳಿಗೆ ಹತ್ತಿರವಾಗಿಸಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹೊಸ ತಂತ್ರಜ್ಞಾನವು ಬಂದ ಮಾತ್ರಕ್ಕೆ ಹಳೆಯದು ಮರೆಯಾಗುವುದಿಲ್ಲ. ಅದು ಹೊಸದಕ್ಕೆ ತಳಹದಿಯಾಗಿ ಉಳಿಯುತ್ತದೆ. ತಂತ್ರಾಂಶ ತಜ್ಞನೂ ನಿತ್ಯ ರೈಲನ್ನೇ ಅವಲಂಬಿಸಿದ್ದಾನೆ. ಆದುದರಿಂದ ಹಳೆಯದರ ಸುಧಾರಣೆ ನಿರಂತರವಾಗಿ ನಡೆಯಬೇಕು. ಮುಂಬಯಿ ಉಪನಗರ ರೈಲುಗಳ 1,500 ವೋಲ್ಟಿನ ಏಕಮುಖ ವಿದ್ಯುತ್ ವ್ಯವಸ್ಥೆಯನ್ನು 2016ರ ವೇಳೆಗೆ 25,000 ವೋಲ್ಟಿನ ಪರ್ಯಾಯ ವಿದ್ಯುತ್ತಿಗೆ ಬದಲಾಯಿಸಲಾಯಿತು. ವೋಲ್ಟೇಜು ಹೆಚ್ಚಿದಾಗ ಅಷ್ಟೇ ಶಕ್ತಿಯನ್ನು ಕಡಿಮೆ ವಿದ್ಯುತ್ ಪ್ರವಾಹದಿಂದ ಸಾಗಿಸಬಹುದಾದ್ದರಿಂದ ತಂತಿಗಳಲ್ಲಾಗುವ ನಷ್ಟ ತಗ್ಗುತ್ತದೆ.

ಎಚ್ಚರ ತಪ್ಪಿದರೆ ಒದಗುವ ಹಾನಿಗೂ ಈ ಪ್ರದೇಶವು ಸಾಕ್ಷಿಯಾಗಿದೆ. ಡೊಂಬಿವಲಿಯ ಕೈಗಾರಿಕಾ ವಲಯದ ರಾಸಾಯನಿಕ ಘಟಕಗಳಲ್ಲಿ 2016ರ ಮೇ 26ರಂದು ಹಾಗೂ 2024ರ ಮೇ 23ರಂದು ಭೀಕರ ಸ್ಫೋಟಗಳು ಸಂಭವಿಸಿ, ಎರಡರಲ್ಲಿಯೂ ಜೀವಹಾನಿಯಾಯಿತು. ಸುತ್ತಲಿನ ಕಟ್ಟಡಗಳ ಗಾಜುಗಳು ಪುಡಿಯಾದವು. ಒಂದು ಕಾಲದ ಹೆಮ್ಮೆಯಾಗಿದ್ದ ಕಾರ್ಖಾನೆಗಳ ಆಸುಪಾಸಿನಲ್ಲಿ ಈಗ ವಸತಿಗಳು ದಟ್ಟವಾಗಿ ಬೆಳೆದಿವೆ.

ಪ್ರಗತಿಯ ದಿಕ್ಕು ಬದಲಾಗುವುದು ಸಹಜ. ಆದರೆ ಜನರ ಗಮನವು ಬೇರೆಡೆಗೆ ಸರಿದರೂ ಯಂತ್ರದ ಒತ್ತಡ, ಶಾಖ ಮತ್ತು ವಿಷದ ಗುಣ ಬದಲಾಗದು. ನಿಯತ ತಪಾಸಣೆ, ಕಾರ್ಮಿಕರ ತರಬೇತಿ ಹಾಗೂ ನೆರೆಹೊರೆಯವರಿಗೆ ಅಪಾಯದ ಪೂರ್ವಮಾಹಿತಿ – ಇವು ಹೊಸ ಶೋಧನೆಗಳಷ್ಟೇ ಮಹತ್ವದ ಕಾರ್ಯಗಳಾಗಿವೆ.