ಗಿರಾಕಿ ದೂರು ಹೇಳಿದಾಗ ಏನು ಮಾಡಬೇಕು?



ಸಂಘದಿಂದ ಸಾಲ ತೆಗೆದು ಹಪ್ಪಳ, ಉಪ್ಪಿನಕಾಯಿ, ರೊಟ್ಟಿ, ಹೊಲಿಗೆ ಎಂದು ಸಣ್ಣ ವ್ಯಾಪಾರ ಶುರು ಮಾಡಿದವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಬಂಡವಾಳ ಹೇಗೆ ಹೊಂದಿಸುವುದು, ಲೆಕ್ಕ ಹೇಗೆ ಬರೆಯುವುದು ಎಂದು ತರಬೇತಿಗಳಲ್ಲಿ ಕಲಿತಿದ್ದೇವೆ. ಆದರೆ "ನಿಮ್ಮ ಉಪ್ಪಿನಕಾಯಿ ಚೆನ್ನಾಗಿಲ್ಲ" ಎಂದು ಒಬ್ಬರು ಮುಖಕ್ಕೇ ಹೇಳಿದರೆ ಏನು ಮಾಡಬೇಕು? ಇದನ್ನು ಯಾರೂ ಹೆಚ್ಚಾಗಿ ಹೇಳಿಕೊಡುವುದಿಲ್ಲ. ಇಂಥ ಒಂದೆರಡು ಮಾತಿಗೇ ಬೇಸತ್ತು ವ್ಯಾಪಾರ ಬಿಟ್ಟವರಿದ್ದಾರೆ. ವ್ಯಾಪಾರ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಅದಕ್ಕಾಗಿ ಈ ತಿಂಗಳ ಪಾಠ ಇದೇ.

ದೂರು ನಮಗೇಕೆ ಇಷ್ಟು ನಾಟುತ್ತದೆ?

ಕಿರಾಣಿ ಅಂಗಡಿಯವನಿಗೆ "ಈ ಸೋಪು ಸರಿಯಿಲ್ಲ" ಎಂದರೆ ಅವನಿಗೆ ನೋವಾಗುವುದಿಲ್ಲ. ಸೋಪು ಮಾಡಿದವನು ಅವನಲ್ಲ. ನಾವಾದರೋ ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಮನೆಗೆಲಸ ಮುಗಿಸಿ, ನಮ್ಮ ಕೈಯಾರೆ ಮಾಡಿದ್ದು. ಅದನ್ನು ಅಂದರೆ ನಮ್ಮನ್ನೇ ಅಂದ ಹಾಗೆ ಆಗುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಗಾದೆ ಸುಮ್ಮನೆ ಬಂದಿಲ್ಲ. ಮೇಲಿಂದ ಮನೆಯಲ್ಲಿ "ನಿಂಗ್ಯಾಕೆ ಬೇಕಿತ್ತು ಈ ವ್ಯಾಪಾರ" ಎಂದು ಹೇಳಲು ಯಾರಾದರೂ ಕಾಯುತ್ತಲೇ ಇರುತ್ತಾರೆ.

ಒಂದು ಮಾತು ನೆನಪಿಡಿ. ಗಿರಾಕಿ ಮಾತಾಡುತ್ತಿರುವುದು ಬಾಟಲಿಯ ಬಗ್ಗೆ, ನಿಮ್ಮ ಬಗ್ಗೆ ಅಲ್ಲ. ಇನ್ನೊಂದು, ದೂರು ಹೇಳಲು ಬಂದವರು ಇನ್ನೂ ನಿಮ್ಮನ್ನು ಬಿಟ್ಟು ಹೋಗಿಲ್ಲ. ಬಿಟ್ಟು ಹೋಗುವವರು ಏನೂ ಹೇಳದೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ನಮಗೆ ಹೇಳದ ಮಾತನ್ನು ನೆಂಟರಿಗೆ, ನೆರೆಯವರಿಗೆ ಹೇಳುತ್ತಾರೆ.

ಒಂದು ಲೆಕ್ಕ ಹಾಕಿ ನೋಡಿ. ಒಂದು ಮನೆಯವರು ತಿಂಗಳಿಗೆ 150 ರೂಪಾಯಿಯ ಉಪ್ಪಿನಕಾಯಿ ಒಯ್ಯುತ್ತಾರೆ ಎಂದುಕೊಳ್ಳಿ. ವರ್ಷಕ್ಕೆ 1,800 ರೂಪಾಯಿ ಆಯಿತು. ಕೆಟ್ಟ ಬಾಟಲಿಗೆ ಬದಲಾಗಿ ಬೇರೆ ಬಾಟಲಿ ಕೊಟ್ಟರೆ ನಮಗೆ ಆಗುವ ನಷ್ಟ ಹೆಚ್ಚೆಂದರೆ 150. ಜಗಳ ಮಾಡಿ ಗೆದ್ದರೆ ಹೋಗುವುದು 1,800.

ಮೊದಲ ಐದು ನಿಮಿಷ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ದೂರು ಬಂದ ಮೊದಲ ಐದು ನಿಮಿಷ ನಾವು ಹೇಗೆ ನಡೆದುಕೊಳ್ಳುತ್ತೇವೆ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

1. ಪೂರ್ತಿ ಕೇಳಿ. ನಡುವೆ ಬಾಯಿ ಹಾಕಬೇಡಿ. "ನಮ್ಮದರಲ್ಲಿ ಹಾಗೆ ಆಗಲ್ಲ", "ಬೇರೆ ಯಾರೂ ಹೇಳಿಲ್ಲ" ಎಂಬ ಎರಡು ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಿ.

2. ವಿವರ ಕೇಳಿ. "ಯಾವಾಗ ತಗೊಂಡಿದ್ದಕ್ಕಾ? ಏನಾಗಿದೆ? ಬಾಟಲಿ ತಂದಿದ್ದೀರಾ?" ಎಂದು ಕೇಳಿ. "ಚೆನ್ನಾಗಿಲ್ಲ" ಎಂಬ ಮಾತಿನಿಂದ ನಾವು ಏನೂ ಕಲಿಯಲಾರೆವು. "ಮೇಲೆ ಬೂಷ್ಟು ಹಿಡಿದಿದೆ" ಎಂದರೆ ಎಲ್ಲಿ ಹುಡುಕಬೇಕೆಂದು ಗೊತ್ತಾಗುತ್ತದೆ.

3. ನೋಡಿ, ಮುಟ್ಟಿ, ರುಚಿ ನೋಡಿ. ಬೂಷ್ಟು ಹಿಡಿದಿದ್ದರೆ ಮಾತ್ರ ರುಚಿ ನೋಡಬೇಡಿ, ಆ ಬಾಟಲಿ ಇಡಿಯಾಗಿ ಎಸೆಯುವುದೇ ಸರಿ. ಮೇಲಿನದು ತೆಗೆದು ಉಳಿದದ್ದು ತಿನ್ನಿ ಎಂದು ಗಿರಾಕಿಗೂ ಹೇಳಬೇಡಿ.

4. ಏನು ಮಾಡುತ್ತೀರಿ ಎಂದು ಆಗಲೇ ಹೇಳಿ. ಬದಲಿ ಕೊಡುತ್ತೀರೋ, ಹಣ ವಾಪಸು ಕೊಡುತ್ತೀರೋ? ತೀರ್ಮಾನಿಸಲು ಸಂಘದವರನ್ನು ಕೇಳಬೇಕೆಂದಿದ್ದರೆ "ನಾಳೆ ಸಂಜೆ ಹೇಳ್ತೀನಿ" ಎನ್ನಿ, ಹಾಗೆಯೇ ಹೇಳಿ ಕೂಡ. ಕೊಟ್ಟ ಮಾತು ತಪ್ಪಿದರೆ ಒಂದು ದೂರು ಎರಡಾಗುತ್ತದೆ.

ದೂರು ವಾಟ್ಸಾಪಿನಲ್ಲಿ ಬಂದರೆ ಸಿಟ್ಟಿನಲ್ಲಿ ಉತ್ತರ ಒತ್ತಬೇಡಿ. ಫೋನ್ ಮಾಡಿ ಮಾತಾಡಿ. ಬರೆದ ಮಾತಿಗೆ ದನಿಯಿಲ್ಲ, ಓದುವವರು ತಮಗೆ ಬೇಕಾದ ದನಿ ಹಾಕಿಕೊಳ್ಳುತ್ತಾರೆ.

ದೂರುಗಳಲ್ಲಿ ಮೂರು ಬಗೆ

ಎಲ್ಲಾ ದೂರುಗಳೂ ಒಂದೇ ಅಲ್ಲ. ಅವನ್ನು ಬೇರೆ ಬೇರೆ ಮಾಡಿ ನೋಡುವುದು ಕಲಿಯಬೇಕು.

ನಮ್ಮ ಕೆಲಸದ ತಪ್ಪು: ಉಪ್ಪಿನಕಾಯಿಗೆ ಬೂಷ್ಟು ಬಂದರೆ ಕಾರಣ ಹೆಚ್ಚಾಗಿ ನೀರಿನ ಪಸೆ. ಕಾಯಿ ತೊಳೆದು ಚೆನ್ನಾಗಿ ಆರಿಸಿಲ್ಲ, ಬಾಟಲಿ ಒಣಗಿರಲಿಲ್ಲ, ಉಪ್ಪು ಕಡಿಮೆ ಬಿತ್ತು, ಇಲ್ಲವೇ ಹೋಳಿನ ಮೇಲೆ ಎಣ್ಣೆ ನಿಂತಿಲ್ಲ. ರೊಟ್ಟಿ ಬಿಸಿ ಇರುವಾಗಲೇ ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಒಳಗೆ ಬೆವರುತ್ತದೆ, ಬೇಗ ಕೆಡುತ್ತದೆ. ಹೊಲಿದ ಹತ್ತಿ ಬಟ್ಟೆ ಒಗೆದ ಮೇಲೆ ಬಿಗಿಯಾಯಿತು ಎಂದರೆ, ಕತ್ತರಿಸುವ ಮೊದಲು ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸಿರಲಿಲ್ಲ ಎಂದರ್ಥ. ಇಂಥಲ್ಲಿ ಒಪ್ಪಿಕೊಳ್ಳಿ, ಸರಿ ಮಾಡಿಕೊಡಿ, ಕೆಲಸದ ಕ್ರಮವನ್ನೂ ತಿದ್ದಿಕೊಳ್ಳಿ. ಗಿರಾಕಿ ಮನೆಯಲ್ಲಿ ಒದ್ದೆ ಚಮಚ ಹಾಕಿದರೂ ಬೂಷ್ಟು ಬರುತ್ತದೆ. ಅದಕ್ಕೆ ಅವರನ್ನು ದೂರುವ ಬದಲು "ಒಣ ಚಮಚವನ್ನೇ ಬಳಸಿ" ಎಂದು ಚೀಟಿಯಲ್ಲಿ ಮೊದಲೇ ಬರೆದು ಅಂಟಿಸಿ.

ರುಚಿಯ ವ್ಯತ್ಯಾಸ: ಒಬ್ಬರಿಗೆ ಖಾರ ಹೆಚ್ಚು, ಇನ್ನೊಬ್ಬರಿಗೆ ಅದೇ ಸಪ್ಪೆ. ಕರಾವಳಿಯವರ ನಾಲಿಗೆ ಬೇರೆ, ಉತ್ತರ ಕರ್ನಾಟಕದವರ ನಾಲಿಗೆ ಬೇರೆ. ಒಬ್ಬರ ಮಾತಿಗೆ ಇಡೀ ಪಾಕವನ್ನು ಬದಲಿಸಬೇಡಿ. ಪುಸ್ತಕದಲ್ಲಿ ಬರೆದಿಡಿ. ಅದೇ ಮಾತು ನಾಲ್ಕೈದು ಜನರಿಂದ ಬಂದರೆ ಆಗ ಸಭೆಯಲ್ಲಿ ಯೋಚಿಸಿ.

ಚೌಕಾಸಿಯ ದೂರು: "ಅಲ್ಲಿ ನೂರಕ್ಕೇ ಕೊಡ್ತಾರೆ, ನಿಮ್ದು ಅಷ್ಟೇನೂ ಚೆನ್ನಾಗಿಲ್ಲ" ಎನ್ನುತ್ತಾ ಮತ್ತೆ ಮತ್ತೆ ಒಯ್ಯುವವರೂ ಇದ್ದಾರೆ. ಇವರಿಗೆ ನಗುತ್ತಾ "ಎಣ್ಣೆ, ಉಪ್ಪು, ಕೂಲಿ ಎಲ್ಲಾ ಲೆಕ್ಕ ಹಾಕಿಯೇ ಈ ಬೆಲೆ ಇಟ್ಟಿದ್ದೇವಮ್ಮಾ" ಎಂದರೆ ಸಾಕು. ಒಬ್ಬರಿಗೆ ಇಳಿಸಿದರೆ ನಾಳೆ ಎಲ್ಲರಿಗೂ ಇಳಿಸಬೇಕಾಗುತ್ತದೆ. ಆದರೆ ಹೆಣ್ಣೆಂದು, ಬಡವಳೆಂದು, ಜಾತಿ ಎತ್ತಿ ಹೀಯಾಳಿಸಿದರೆ ಅದು ದೂರೇ ಅಲ್ಲ. ಅದನ್ನು ಸಹಿಸಿಕೊಂಡು ವ್ಯಾಪಾರ ಮಾಡಬೇಕಾಗಿಲ್ಲ. ಒಬ್ಬಳೇ ಇದ್ದರೆ ಸಂಘದವರನ್ನು ಕರೆಯಿರಿ.

ಸಂಘದೊಳಗಿನ ಕಷ್ಟ

ಗುಂಪಿನ ವ್ಯಾಪಾರದಲ್ಲಿ ದೂರು ಬಂದರೆ ಹೊರಗಿನ ಜಗಳಕ್ಕಿಂತ ಒಳಗಿನ ಜಗಳ ದೊಡ್ಡದು. "ಮೊನ್ನೆ ಹಿಟ್ಟು ಕಲಸಿದ್ದು ಅವಳೇ" ಎಂದು ಒಬ್ಬಳ ಮೇಲೆ ಎಲ್ಲರೂ ಬೀಳುತ್ತಾರೆ. ಆಕೆ ಮರುವಾರ ಸಭೆಗೆ ಬರುವುದಿಲ್ಲ. ಮುಂದೆ ಯಾರದೇ ತಪ್ಪಾದರೂ ಮುಚ್ಚಿಡುವುದೇ ಅಭ್ಯಾಸವಾಗುತ್ತದೆ. ಮುಚ್ಚಿಟ್ಟ ತಪ್ಪು ಮತ್ತೆ ಗಿರಾಕಿಯ ತಟ್ಟೆಗೇ ಹೋಗುತ್ತದೆ.

ಆದ್ದರಿಂದ "ಯಾರು ಮಾಡಿದ್ದು?" ಎಂದು ಕೇಳುವ ಬದಲು "ಯಾವ ಹಂತದಲ್ಲಿ ಆಯಿತು?" ಎಂದು ಕೇಳಿ. ಇದಕ್ಕೆ ಒಂದು ಹಾಜರಿ ಪುಸ್ತಕದಂಥ ಪುಸ್ತಕ ಸಾಕು. ಮಾಡಿದ ತಾರೀಕು, ಸಾಮಾನು ಎಲ್ಲಿಂದ ತಂದದ್ದು, ಎಷ್ಟು ಅಳತೆ, ಎಷ್ಟು ದಿನ ಬಿಸಿಲು ಎಂದು ಬರೆಯಿರಿ. ಅದೇ ತಾರೀಕು ಬಾಟಲಿಯ ಮೇಲೂ ಇರಲಿ. ದೂರು ಬಂದಾಗ ಆ ದಿನದ ಪುಟ ತೆಗೆದರೆ ಕಾರಣ ಸಿಗುತ್ತದೆ. ಅದೇ ದಿನದ ಉಳಿದ ಬಾಟಲಿಗಳನ್ನು ಅಂಗಡಿಯಿಂದ ವಾಪಸು ತರಬಹುದು. ಬದಲಿ ಕೊಟ್ಟ ನಷ್ಟವನ್ನು ಒಬ್ಬಳ ತಲೆಗೆ ಕಟ್ಟದೆ ವ್ಯಾಪಾರದ ಖರ್ಚಿನಲ್ಲೇ ಬರೆಯಿರಿ. ಲಾಭ ಎಲ್ಲರದಾದರೆ ನಷ್ಟವೂ ಎಲ್ಲರದು.

ತಿನ್ನುವ ಪದಾರ್ಥ ಮಾರುವವರು, ಸಣ್ಣವರಾದರೂ, ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಬೇಕು. ಆ 14 ಅಂಕಿಗಳ ಸಂಖ್ಯೆ, ತಯಾರಿಸಿದ ತಾರೀಕು, ಎಷ್ಟು ದಿನ ಬಳಸಬಹುದು, ನಿವ್ವಳ ತೂಕ, ಬೆಲೆ, ವಿಳಾಸ ಪೊಟ್ಟಣದ ಮೇಲೆ ಇರಲಿ. ಇದು ಕಾನೂನಿನ ಮಾತಷ್ಟೇ ಅಲ್ಲ, ನಂಬಿಕೆಯ ಮಾತು ಕೂಡ. ಗ್ರಾಹಕರು ಇಂದು 1915 ಸಂಖ್ಯೆಗೆ ಫೋನ್ ಮಾಡಿ ದೂರು ಕೊಡಬಹುದು. ಅಲ್ಲಿಗೆ ಹೋಗುವ ಮೊದಲು ನಮ್ಮ ಹತ್ತಿರವೇ ಬರುವಂತೆ ನಮ್ಮ ಫೋನ್ ನಂಬರನ್ನೂ ಬರೆಯೋಣ.

ಹತ್ತು ಅಂಗಡಿಗಳ ನಡುವೆ ನಮ್ಮ ಗುರುತು

ಸರಸ್ ಮೇಳಕ್ಕೆ ಹೋದವರು ನೋಡಿರುತ್ತೀರಿ. ಸಾಲಾಗಿ ಎಷ್ಟೋ ಮಳಿಗೆ, ಬಹಳಷ್ಟರಲ್ಲಿ ಅದೇ ನಿಂಬೆಕಾಯಿ ಉಪ್ಪಿನಕಾಯಿ, ಅದೇ ಚಟ್ನಿಪುಡಿ. ಜನ ನಮ್ಮದನ್ನೇ ಯಾಕೆ ಕೊಳ್ಳಬೇಕು? ಬೆಲೆ ಇಳಿಸುವುದು ಎಲ್ಲರಿಗೂ ತಕ್ಷಣ ಹೊಳೆಯುವ ದಾರಿ. ಬೆಲೆ ಇಳಿಸಿದವರು ಆಮೇಲೆ ಎಣ್ಣೆ ಇಳಿಸುತ್ತಾರೆ, ಕೊನೆಗೆ ಹೆಸರು ಇಳಿಯುತ್ತದೆ.

ಲಿಜ್ಜತ್ ಹಪ್ಪಳದ ಕಥೆ ಇಲ್ಲಿ ನಮಗೆ ಪಾಠ. 1959ರ ಮಾರ್ಚ್ 15ರಂದು ಮುಂಬಯಿಯ ಗಿರ್‌ಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ಪಡೆದು ಇದನ್ನು ಶುರು ಮಾಡಿದರು. ಮೊದಲ ದಿನ ಆದದ್ದು ನಾಲ್ಕು ಪೊಟ್ಟಣ. ಮೊದಮೊದಲು ಅಗ್ಗದ್ದೊಂದು, ಒಳ್ಳೆಯದೊಂದು ಎಂದು ಎರಡು ದರ್ಜೆಯ ಹಪ್ಪಳ ಮಾಡುತ್ತಿದ್ದರು. ಅವರಿಗೆ ದಾರಿ ತೋರಿದ ಛಗನ್‌ಲಾಲ್ ಪಾರೇಖ್ ಅವರು, ಒಂದೇ ದರ್ಜೆಯ ಒಳ್ಳೆಯ ಹಪ್ಪಳ ಮಾಡಿ, ಗುಣಮಟ್ಟದಲ್ಲಿ ಎಂದೂ ರಾಜಿ ಬೇಡ ಎಂದರು. ಮೊದಲ ವರ್ಷ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಂತಿತು. ಮರುವರ್ಷ ಒಂದು ಮಂಚ, ಒಂದು ಒಲೆ ತಂದರು. ಮಂಚದ ಮೇಲೆ ಹಪ್ಪಳ, ಕೆಳಗೆ ಒಲೆ. ಇಂದು ಸಾವಿರಾರು ಮಹಿಳೆಯರು ಮನೆಯಲ್ಲೇ ಲಟ್ಟಿಸಿ ತರುತ್ತಾರೆ. ಹಿಟ್ಟು ಮಾತ್ರ ಒಂದೇ ಕಡೆ ಕಲಸುತ್ತಾರೆ, ಲಟ್ಟಿಸಿ ತಂದದ್ದನ್ನು ಪರೀಕ್ಷಿಸಿಯೇ ತೆಗೆದುಕೊಳ್ಳುತ್ತಾರೆ. ಸಂಸ್ಥಾಪಕರಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಅವರ ಗುರುತು ಯಾವುದು? ಮೊನ್ನೆ ಕೊಂಡ ಹಪ್ಪಳ ಹೇಗಿತ್ತೋ ಇವತ್ತಿನದೂ ಹಾಗೇ ಇರುತ್ತದೆ ಎಂಬ ನಂಬಿಕೆ. ನಮಗೂ ಇದು ಸಾಧ್ಯ. ಅಳತೆಗೆ ಕೈಯಂದಾಜು ಬಿಟ್ಟು ತಕ್ಕಡಿ ಹಿಡಿಯಬೇಕು. ಹತ್ತು ಬಗೆ ಮಾಡುವ ಬದಲು ನಮ್ಮ ಊರಿನದೇ ಎನಿಸುವ ಒಂದೆರಡನ್ನು ಚೆನ್ನಾಗಿ ಮಾಡಬೇಕು. ಮಲೆನಾಡಿನವರಿಗೆ ಅಪ್ಪೆಮಿಡಿ ಇದೆ, ಬಯಲುಸೀಮೆಯವರಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇದೆ. ಇದರ ಜೊತೆ, ತಪ್ಪಾದರೆ ತಿದ್ದಿ ಕೊಡುವವರು ಎಂಬ ಹೆಸರು ಬಂದರೆ ಅದನ್ನು ಪಕ್ಕದ ಅಂಗಡಿಯವರು ನಕಲು ಮಾಡಲಾರರು.

ಸಂಘದ ಸಭೆಯಲ್ಲಿ ಚರ್ಚಿಸಿ

1. ಕಳೆದ ಮೂರು ತಿಂಗಳಲ್ಲಿ ನಮಗೆ ಬಂದ ದೂರುಗಳು ಯಾವುವು? ಪ್ರತಿಯೊಂದೂ ಮೂರು ಬಗೆಗಳಲ್ಲಿ ಯಾವುದಕ್ಕೆ ಸೇರುತ್ತದೆ?

2. ಬದಲಿ ಅಥವಾ ಹಣ ವಾಪಸು ಕೊಡಲು ಯಾರು ತೀರ್ಮಾನಿಸಬೇಕು? ಎಷ್ಟು ರೂಪಾಯಿಯವರೆಗೆ ಮಾರುವ ಸದಸ್ಯೆಯೇ ತೀರ್ಮಾನಿಸಬಹುದು?

3. ಇಬ್ಬರು ಸದಸ್ಯೆಯರು ಗಿರಾಕಿ ಮತ್ತು ಮಾರುವವಳಾಗಿ ಅಭಿನಯಿಸಿ. ಉಳಿದವರು ನೋಡಿ, ಯಾವ ಮಾತು ಸಿಟ್ಟು ಇಳಿಸಿತು, ಯಾವುದು ಏರಿಸಿತು ಎಂದು ಹೇಳಿ.

4. ನಮ್ಮ ಪದಾರ್ಥವನ್ನು ಹೆಸರಿಲ್ಲದೆ ಇಟ್ಟರೂ ಜನ "ಇದು ಇವರದ್ದೇ" ಎಂದು ಗುರುತಿಸುತ್ತಾರೆಯೇ? ಇಲ್ಲವಾದರೆ ಏನು ಮಾಡೋಣ?

ಈ ಚರ್ಚೆಯ ತೀರ್ಮಾನಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಮುಂದಿನ ತಿಂಗಳು ಅದೇ ಪುಟ ತೆಗೆದು ಎಷ್ಟು ನಡೆಯಿತು ಎಂದು ನೋಡಿ.