ಟೆಸ್ಟರ್ ಹೊತ್ತಲಿಲ್ಲ ಎಂದರೆ ಕರೆಂಟ್ ಇಲ್ಲ ಎಂದಲ್ಲ

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮೇಲಿನ ರಜೆಯಲ್ಲಿ ನಾನು ಮಾಮು ಜೊತೆ ಕೆಲಸಕ್ಕೆ ಹೋಗುತ್ತಿದ್ದೆ. ಮಾಮು ಅಂದರೆ ನನ್ನ ಅಮ್ಮಿಯ ತಮ್ಮ. ಮನೆ ಹರಿಹರದಲ್ಲಿ, ಕೆಲಸ ಹೆಚ್ಚಾಗಿ ದಾವಣಗೆರೆಯಲ್ಲಿ. ವೈರ್‌ಮನ್ ಪರ್ಮಿಟ್ ಇರುವವರು, ಇಪ್ಪತ್ತು ವರ್ಷದಿಂದ ಮನೆ ವೈರಿಂಗ್ ಮಾಡುತ್ತಿದ್ದಾರೆ. ನನ್ನ ಕೆಲಸ ಏಣಿ ಹಿಡಿಯುವುದು, ಸಾಮಾನು ಎತ್ತಿ ಕೊಡುವುದು, ಅಂಗಡಿಗೆ ಓಡುವುದು.

ಒಂದು ದಿನ ಮಾಮು ಅವರ ಟೆಸ್ಟರ್ ಹಿಂದಿನ ಮನೆಯಲ್ಲೇ ಉಳಿದುಹೋಗಿತ್ತು. ನನ್ನ ಕೈಗೆ 100 ರೂಪಾಯಿ ಕೊಟ್ಟು, "ಬೇಟಾ, ಒಂದು ಒಳ್ಳೇ ಟೆಸ್ಟರ್ ತಗೊಂಡು ಬಾ" ಎಂದರು. ನಾನು ಎಲೆಕ್ಟ್ರಿಕಲ್ ಅಂಗಡಿಗೆ ಹೋಗಲೇ ಇಲ್ಲ. ರಸ್ತೆ ಬದಿಯಲ್ಲಿ ಬಟ್ಟೆ ಹಾಸಿ ಮಾರುತ್ತಿದ್ದವನ ಹತ್ತಿರ 20 ರೂಪಾಯಿಗೆ ಒಂದನ್ನು ತೆಗೆದುಕೊಂಡೆ. ಉಳಿದದ್ದರಲ್ಲಿ ಒಂದು ಬೆಣ್ಣೆ ದೋಸೆ ತಿಂದು, ಚಿಲ್ಲರೆ ಜೇಬಿಗೆ ಹಾಕಿಕೊಂಡೆ. ಇದನ್ನು ಮಾಮುಗೆ ಹೇಳಿದ್ದು ಆಮೇಲೆ, ಆಸ್ಪತ್ರೆಯಲ್ಲಿ.

ಆ ಮನೆಯಲ್ಲಿ ಫ್ಯಾನ್ ರೆಗ್ಯುಲೇಟರ್ ಬದಲಿಸಬೇಕಿತ್ತು. ಆ ಕೋಣೆಯ ಎಂಸಿಬಿ ಕೆಳಗೆ ಹಾಕಿದ್ದೆವು. ಮಾಮು ಪ್ಲಾಸ್ಟಿಕ್ ಸ್ಟೂಲ್ ಮೇಲೆ ನಿಂತು ಬೋರ್ಡ್ ಬಿಚ್ಚಿ, ನಾನು ತಂದ ಟೆಸ್ಟರ್ ಇಟ್ಟು ನೋಡಿದರು. ಬೆಳಕು ಬರಲಿಲ್ಲ. ಫ್ಯಾನ್ ಮತ್ತು ಒಂದು ಬಲ್ಬಿನ ಲೈನು ಇನ್ವರ್ಟರ್‌ನಿಂದ ಬರುತ್ತಿದೆ ಎಂದು ಮನೆಯವರು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಗೋಡೆಗೆ ಹಿಂದಿನ ದಿನವಷ್ಟೇ ಬಣ್ಣ ಹೊಡೆದಿದ್ದರು, ಇನ್ನೂ ಹಸಿ. ಎಡಗೈ ಗೋಡೆ ಮೇಲೆ, ಬಲಗೈ ಬೆರಳು ಫೇಸ್ ತಂತಿಗೆ. ಮಾಮು ಸ್ಟೂಲಿನಿಂದ ಹಿಂದಕ್ಕೆ ಬಿದ್ದರು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಆರು ವಾರ ಪ್ಲಾಸ್ಟರ್, ಆರು ವಾರ ಕೂಲಿ ಇಲ್ಲ. ಮಾಮುಗೆ ಮೂವರು ಮಕ್ಕಳಿದ್ದಾರೆ.

ಆ ಆರು ವಾರ ನಾನು ದಿನಾ ಸಂಜೆ ಹರಿಹರದ ಬಸ್ಸು ಹಿಡಿದು ಮಾಮು ಮನೆಗೆ ಹೋಗುತ್ತಿದ್ದೆ. ಅವರು ಬೈಯಲಿಲ್ಲ. ಟೂಲ್ ಬಾಕ್ಸ್ ತರಿಸಿ, ಒಂದೊಂದನ್ನೇ ನನ್ನ ಕೈಗೆ ಕೊಟ್ಟು ಪಾಠ ಮಾಡಿದರು. ನಮ್ಮ ದ್ವಿತೀಯ ಪಿಯುಸಿ ಭೌತಶಾಸ್ತ್ರದ ಮೂರನೇ ಅಧ್ಯಾಯ, ವಿದ್ಯುತ್ ಪ್ರವಾಹ, ನನಗೆ ಅಲ್ಲೇ ಅರ್ಥವಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಟೆಸ್ಟರನ್ನೇ ಬಿಚ್ಚಿದೆವು. ಒಳಗಿರುವುದು ನಾಲ್ಕೇ ವಸ್ತು: ಲೋಹದ ತುದಿ, ಒಂದು ರೆಸಿಸ್ಟರ್, ಒಂದು ಪುಟ್ಟ ನಿಯಾನ್ ಬಲ್ಬ್, ಒಂದು ಸ್ಪ್ರಿಂಗ್. ಹಿಂಬದಿಯ ಲೋಹವನ್ನು ನಾವು ಬೆರಳಲ್ಲಿ ಮುಟ್ಟಿದಾಗ ಪ್ರವಾಹ ನಮ್ಮ ಮೈ ಮೂಲಕವೇ ಹೋಗುತ್ತದೆ. ಆದರೂ ಶಾಕ್ ಹೊಡೆಯುವುದಿಲ್ಲ, ಯಾಕೆಂದರೆ ಒಳ್ಳೆಯ ಟೆಸ್ಟರ್‌ನಲ್ಲಿ ರೆಸಿಸ್ಟರ್ ಸುಮಾರು ಹತ್ತು ಲಕ್ಷ ಓಮ್ ಇರುತ್ತದೆ. 230 ವೋಲ್ಟನ್ನು ಹತ್ತು ಲಕ್ಷದಿಂದ ಭಾಗಿಸಿ ನೋಡಿ: 0.23 ಮಿಲಿಆಂಪಿಯರ್. ಮೈಗೆ ಗೊತ್ತೇ ಆಗದಷ್ಟು, ನಿಯಾನ್ ಹೊತ್ತಲು ಮಾತ್ರ ಸಾಕಾಗುವಷ್ಟು. ಅದೇ ಒದ್ದೆ ಕೈಯಲ್ಲಿ ನೇರವಾಗಿ ತಂತಿ ಮುಟ್ಟಿದರೆ ಮೈಯ ರೋಧ ಸುಮಾರು ಒಂದು ಸಾವಿರ ಓಮ್‌ಗೆ ಇಳಿಯಬಹುದು. ಆಗ 230 ಮಿಲಿಆಂಪಿಯರ್, ಒಂದು ಸಾವಿರ ಪಟ್ಟು. ಪ್ರಾಣ ಹೋಗಲು ಅಷ್ಟು ಬೇಕಾಗಿಲ್ಲ. ಮನೆಗೆ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರ್ ಸೋರಿಕೆಗೇ ಲೈನ್ ಕಡಿಯುವಂತೆ ಮಾಡಿರುವುದು ಇದಕ್ಕೇ.

ನಾನು ತಂದ ಟೆಸ್ಟರ್‌ನಲ್ಲಿ ಸ್ಪ್ರಿಂಗ್ ಗಿಡ್ಡವಾಗಿತ್ತು. ಅಲುಗಾಡಿಸಿದರೆ ಒಮ್ಮೆ ಹೊತ್ತುತ್ತಿತ್ತು, ಒಮ್ಮೆ ಇಲ್ಲ. ಅಷ್ಟೇ ಕಾರಣ. ಒಳ್ಳೆಯ ಟೆಸ್ಟರ್ ಕೂಡ ಕೆಲವೊಮ್ಮೆ ಮೋಸ ಮಾಡುತ್ತದೆ. ಒಣ ಮರದ ಅಥವಾ ಪ್ಲಾಸ್ಟಿಕ್ ಸ್ಟೂಲ್ ಮೇಲೆ, ರಬ್ಬರ್ ಚಪ್ಪಲಿ ಹಾಕಿ ನಿಂತಾಗ ಬೆಳಕು ಮಂಕಾಗುತ್ತದೆ. ಬಿಸಿಲಿನಲ್ಲಂತೂ ಕಾಣುವುದೇ ಇಲ್ಲ. ಆದ್ದರಿಂದ ಮಾಮು ಮಾಡುವ ಕ್ರಮ ಹೀಗಿದೆ. ಕರೆಂಟ್ ಇದೆ ಎಂದು ಗ್ಯಾರಂಟಿ ಗೊತ್ತಿರುವ ಒಂದು ಪ್ಲಗ್‌ನಲ್ಲಿ ಮೊದಲು ಟೆಸ್ಟರ್ ಇಟ್ಟು ಹೊತ್ತುವುದನ್ನು ನೋಡುವುದು. ಆಮೇಲೆ ಕೆಲಸದ ಜಾಗದಲ್ಲಿ ನೋಡುವುದು. ಮತ್ತೆ ಬಂದು ಅದೇ ಪ್ಲಗ್‌ನಲ್ಲಿ ನೋಡುವುದು. "ಅವತ್ತು ಹೊಸದು ಅಂತ ನಾನು ಮೊದಲನೇದು ಮಾಡಲಿಲ್ಲ, ತಪ್ಪು ನನ್ನದೂ ಇದೆ" ಎಂದರು ಮಾಮು. ಆ ಮಾತು ಕೇಳಿ ನನಗೆ ಇನ್ನೂ ಸಂಕಟವಾಯಿತು. ಈಗ ಮಾಮು ಬಾಕ್ಸಿನಲ್ಲಿ ಮಲ್ಟಿಮೀಟರ್ ಕೂಡ ಇದೆ. ಫೇಸ್–ನ್ಯೂಟ್ರಲ್, ಫೇಸ್–ಅರ್ತ್ ಎರಡನ್ನೂ ಅಳೆದೇ ಕೈ ಹಾಕುತ್ತಾರೆ.

ಇನ್ನೊಂದು ಮಾತು: ಟೆಸ್ಟರನ್ನು ಸ್ಕ್ರೂಡ್ರೈವರ್ ಮಾಡಿಕೊಳ್ಳಬೇಡಿ. ನಮ್ಮ ಮನೆಗಳಲ್ಲಿ ಎಲ್ಲರೂ ಮಾಡುತ್ತೇವೆ. ಬಲ ಹಾಕಿ ತಿರುಗಿಸಿದಾಗ ಅದರ ಮೈ ಬಿರಿಯುತ್ತದೆ, ಒಳಗಿನದು ಸಡಿಲವಾಗುತ್ತದೆ.

ಹರಿಹರದಲ್ಲಿ ಕೈ ಉಪಕರಣಗಳ ಬಗ್ಗೆ ಮಾತಾಡುವಾಗ ಕಿರ್ಲೋಸ್ಕರ್ ಹೆಸರು ಬಾರದೆ ಇರದು. 1941ರಲ್ಲಿ ಇಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ತುಂಬ ಹೋದವು. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದೆ, ಆದರೆ ಅಲ್ಲಿ ದುಡಿದವರ ಕೈ ಇನ್ನೂ ಊರಲ್ಲಿದೆ. ನನ್ನ ನಾನಾ ಅಲ್ಲಿ ಫಿಟ್ಟರ್ ಆಗಿದ್ದರು. ಅವರಿಗೆ ಒಂದು ಕಟಿಂಗ್ ಪ್ಲೇಯರ್ ಕೊಟ್ಟರೆ ಮೊದಲು ಬಾಯಿ ಮುಚ್ಚಿ ಬೆಳಕಿಗೆ ಹಿಡಿಯುತ್ತಾರೆ. ಕತ್ತರಿಸುವ ಅಂಚುಗಳ ನಡುವೆ ಬೆಳಕು ತೂರಿದರೆ ವಾಪಸ್. ಆಮೇಲೆ ಕೀಲು ಅಲುಗಾಡಿಸಿ ನೋಡುತ್ತಾರೆ. ಕೊನೆಗೆ ಒಂದು ಕಾಗದದ ಚೂರು ಕತ್ತರಿಸುತ್ತಾರೆ. ನಾನು ನಕ್ಕಿದ್ದೆ, ಆದರೆ ಕಾಗದ ಹರಿಯದೆ ಕತ್ತರಿಸಿದ ಪ್ಲೇಯರ್ ತಾಮ್ರದ ಸಣ್ಣ ಎಳೆಗಳನ್ನೂ ಜಗಿಯದೆ ಕತ್ತರಿಸುತ್ತದೆ.

ಪ್ಲೇಯರ್ ಹಿಡಿಯ ಮೇಲಿನ ಬಣ್ಣದ ಪ್ಲಾಸ್ಟಿಕ್ ಕಂಡು ಅದು ಶಾಕ್ ತಡೆಯುತ್ತದೆ ಎಂದುಕೊಳ್ಳಬಾರದು. ಎಷ್ಟೋ ಹಿಡಿಗಳಲ್ಲಿ ಅದು ಕೈ ಜಾರದಿರಲು ಮಾತ್ರ. ನಿಜವಾಗಿ ವಿದ್ಯುತ್ ಕೆಲಸಕ್ಕೆಂದೇ ಪರೀಕ್ಷಿಸಿದ ಉಪಕರಣದ ಮೇಲೆ ಎರಡು ತ್ರಿಕೋನದ ಗುರುತು ಮತ್ತು 1000 ವೋಲ್ಟ್ ಎಂದು ಇರುತ್ತದೆ. ಬೆಲೆ ಜಾಸ್ತಿ. ಅದಿದ್ದರೂ ಲೈನ್ ಆಫ್ ಮಾಡಿಯೇ ಕೆಲಸ ಮಾಡಬೇಕು. ಹಿಡಿ ಬಿರುಕು ಬಿಟ್ಟರೆ ಟೇಪ್ ಸುತ್ತಿ ಮುಂದುವರಿಸುವುದಲ್ಲ, ಎಸೆಯುವುದು.

ಸ್ಕ್ರೂಡ್ರೈವರ್ ವಿಷಯ ಎಲ್ಲರಿಗೂ ಸಣ್ಣದಾಗಿ ಕಾಣುತ್ತದೆ. ನನಗೂ ಹಾಗೇ ಇತ್ತು. ಮಾಮು ಹತ್ತಿರ ಐದು ಇವೆ. ಎಂಸಿಬಿಗೆ ಎರಡನೇ ನಂಬರಿನ ಸ್ಟಾರ್, ಸ್ವಿಚ್ಚಿನ ಸಣ್ಣ ಟರ್ಮಿನಲ್‌ಗೆ ಸುಮಾರು 3 ಮಿಲಿಮೀಟರ್ ಅಗಲದ ಚಪ್ಪಟೆ ತುದಿ, ಹೀಗೆ. ತುದಿ ಸ್ಕ್ರೂ ಗಾಡಿಗೆ ಸರಿಯಾಗಿ ಕೂರದಿದ್ದರೆ ಜಾರಿ ತಲೆ ಸವೆಯುತ್ತದೆ, ಸ್ಕ್ರೂ ಪೂರ್ತಿ ಬಿಗಿಯಾಗುವುದಿಲ್ಲ. ಬಿಗಿಯಾಗದ ಸ್ಕ್ರೂ ಏನು ಮಾಡುತ್ತದೆ ಎಂದು ಲೆಕ್ಕ ಹಾಕೋಣ. 2000 ವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ 8.7 ಆಂಪಿಯರ್ ಎಳೆಯುತ್ತದೆ. ಸಡಿಲ ಸ್ಕ್ರೂ ಹತ್ತಿರ ಬರೀ 0.2 ಓಮ್ ರೋಧ ಹುಟ್ಟಿತು ಎನ್ನಿ. ಶಾಖ ಅಂದರೆ ಪ್ರವಾಹದ ವರ್ಗ ಗುಣಿಸು ರೋಧ: 8.7 × 8.7 × 0.2, ಅಂದರೆ 15 ವ್ಯಾಟ್. ಅವರೆಕಾಳಿನಷ್ಟು ಜಾಗದಲ್ಲಿ 15 ವ್ಯಾಟ್. ರೇಡಿಯೋ ರಿಪೇರಿಯವರ ಸಾಲ್ಡರಿಂಗ್ ಐರನ್ನೇ 25 ವ್ಯಾಟ್ ಇರುತ್ತದೆ. ಸ್ವಿಚ್ ಬೋರ್ಡ್ ಕಪ್ಪಾಗಿ, ಸುಟ್ಟ ವಾಸನೆ ಬರುವ ಮನೆಗಳಲ್ಲಿ ಬಹಳ ಸಲ ತಪ್ಪು ಇಷ್ಟೇ ಇರುತ್ತದೆ.

ಈಗ ತಂತಿ. ಇದರಲ್ಲೇ ಜನ ಹೆಚ್ಚು ಮೋಸ ಹೋಗುವುದು.

ನಾನಾ ಇನ್ನೂ ಹಳೇ ಲೆಕ್ಕದಲ್ಲಿ "ತ್ರೀ ಟ್ವೆಂಟಿಟೂ", "ಸೆವೆನ್ ಟ್ವೆಂಟಿ" ಎನ್ನುತ್ತಾರೆ, ಅಂದರೆ 22 ಗೇಜಿನ ಮೂರು ಎಳೆ, 20 ಗೇಜಿನ ಏಳು ಎಳೆ. ಈಗ ಅಂಗಡಿಯಲ್ಲಿ ಚದರ ಮಿಲಿಮೀಟರ್ ಹೇಳಬೇಕು. 1.5 ಚದರ ಮಿ.ಮೀ. ತಂತಿಯಲ್ಲಿ ಸಾಮಾನ್ಯವಾಗಿ 0.3 ಮಿ.ಮೀ. ದಪ್ಪದ 22 ಎಳೆ, 2.5ರಲ್ಲಿ 36 ಎಳೆ, 4ರಲ್ಲಿ 56 ಎಳೆ ಇರುತ್ತವೆ. ತುದಿ ಬಿಡಿಸಿ ಎಣಿಸಬಹುದು. ಒಂದು ಎಳೆಯ ವಿಸ್ತೀರ್ಣ ಕಂಡುಹಿಡಿದು 22ರಿಂದ ಗುಣಿಸಿ, 1.55 ಬರುತ್ತದೆ. ಲೈಟು, ಫ್ಯಾನಿಗೆ 1.5 ಸಾಕು. ಗೀಸರ್, ಇಸ್ತ್ರಿ ಹಾಕುವ 16 ಆಂಪಿಯರ್ ಪ್ಲಗ್ಗಿಗೆ 2.5 ಬೇಕು, ಎಸಿಗೆ 4 ಹಾಕುವುದು ಒಳ್ಳೆಯದು.

ಯಾಕೆ ಎಂದರೆ, ಅದೇ ಗೀಸರ್ ಮೇನ್ ಬೋರ್ಡ್‌ನಿಂದ 20 ಮೀಟರ್ ದೂರ ಇದೆ ಎಂದುಕೊಳ್ಳಿ. ಹೋಗಿ ಬರುವುದು ಸೇರಿ 40 ಮೀಟರ್ ತಂತಿ. ತಾಮ್ರದ ರೋಧಶೀಲತೆ 1.7 × 10⁻⁸ ಓಮ್ ಮೀಟರ್. 1 ಚದರ ಮಿ.ಮೀ. ತಂತಿ ಹಾಕಿದರೆ ರೋಧ 0.68 ಓಮ್, ಗೋಡೆಯೊಳಗೆ ವ್ಯರ್ಥವಾಗುವ ಶಾಖ ಸುಮಾರು 51 ವ್ಯಾಟ್. 2.5 ಹಾಕಿದರೆ 0.27 ಓಮ್, ಸುಮಾರು 21 ವ್ಯಾಟ್. ಬಿಲ್ಲೂ ಕಡಿಮೆ, ತಂತಿಯ ಮೇಲಿನ ಪಿವಿಸಿಯೂ ಬಾಳುತ್ತದೆ. ಸಾಮಾನ್ಯ ಪಿವಿಸಿ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ. ನಮ್ಮ ಬೀದಿಯ ಹತ್ತಿರದ ಮಂಡಕ್ಕಿ ಭಟ್ಟಿಯೊಂದರಲ್ಲಿ ಒಲೆಯ ಮೇಲೆ ಹಾದುಹೋದ ಬಲ್ಬಿನ ತಂತಿಯನ್ನು ಮಾಮು ಬದಲಿಸಿದಾಗ ಹಳೆಯದರ ಮೇಲ್ಪದರ ಒಣ ರೊಟ್ಟಿಯಂತೆ ಪುಡಿಯಾಯಿತು. ಅಂಥ ಕಡೆ ಶಾಖ ತಡೆಯುವ ತಂತಿಯೇ ಬೇಕು, ಇಲ್ಲವೇ ಲೈನನ್ನು ಒಲೆಯಿಂದ ದೂರ ಸರಿಸಬೇಕು.

ಮಂಡಿಪೇಟೆಯ ಕಡೆ ಒಂದೇ ಅಳತೆಯ ಎರಡು ಕಾಯಿಲ್ ಎರಡು ಬೆಲೆಗೆ ಸಿಕ್ಕರೆ, ತೂಕ ನೋಡಿ. ಕಾಯಿಲ್ ಸಾಮಾನ್ಯವಾಗಿ 90 ಮೀಟರ್. 1.5 ಚದರ ಮಿ.ಮೀ. ಅಂದರೆ 135 ಘನ ಸೆಂಟಿಮೀಟರ್ ತಾಮ್ರ. ತಾಮ್ರದ ಸಾಂದ್ರತೆ ಸುಮಾರು 9, ಹಾಗಾಗಿ ತಾಮ್ರವೇ 1.2 ಕಿಲೋ ಇರಬೇಕು, ಮೇಲೆ ಪಿವಿಸಿ ತೂಕ ಬೇರೆ. ಒಟ್ಟು ತೂಕವೇ ಒಂದು ಕಿಲೋ ಒಳಗಿದ್ದರೆ ಎಲ್ಲೋ ಕಳ್ಳತನ ಇದೆ: ಎಳೆ ಕಡಿಮೆ, ಉದ್ದ ಕಡಿಮೆ, ಅಥವಾ ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಕೊನೆಯದನ್ನು ಹಿಡಿಯಲು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಸಾಕು, ಒಳಗೆ ಬೆಳ್ಳಗೆ ಕಾಣುತ್ತದೆ. ಅಂಥ ತಂತಿಯಲ್ಲಿ ನಮ್ಮ ಲೆಕ್ಕದ 51 ವ್ಯಾಟ್ 80 ದಾಟುತ್ತದೆ.

ಕಾಯಿಲ್ ಮೇಲೆ ಐಎಸ್ಐ ಗುರುತು, ಐಎಸ್ 694 ಎಂಬ ಸಂಖ್ಯೆ, ಅದರ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಗುರುತು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ನಂಬರನ್ನು ಮೊಬೈಲಿನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಗೆ ಯಾವ ವಸ್ತುವಿಗೆ ಕೊಟ್ಟದ್ದು ಎಂದು ತೋರಿಸುತ್ತದೆ. ಪ್ಲಗ್, ಸಾಕೆಟ್‌ಗಳಿಗೆ ಐಎಸ್ 1293, ಸ್ವಿಚ್‌ಗಳಿಗೆ ಐಎಸ್ 3854. ಮಾಮುಗೆ ಈ ಆ್ಯಪ್ ತೋರಿಸಿಕೊಟ್ಟದ್ದು ನಾನು. ಅಷ್ಟಾದರೂ ಸಾಲ ತೀರಿಸಿದೆ.

ಮೇಲ್ಪದರ ಸುಲಿಯಲು ಹಲ್ಲು, ಬ್ಲೇಡು, ಪ್ಲೇಯರ್ ಯಾವುದೂ ಬೇಡ. ಸ್ಟ್ರಿಪ್ಪರ್ ತೆಗೆದುಕೊಳ್ಳಿ. ಬ್ಲೇಡಿನಲ್ಲಿ ಸುತ್ತ ಎಳೆದಾಗ 22 ಎಳೆಯಲ್ಲಿ ಆರು ಕಡಿದುಹೋದರೆ ನೀವು 1.5ಕ್ಕೆ ದುಡ್ಡು ಕೊಟ್ಟು ಆ ಜಾಗದಲ್ಲಿ 1.1 ಮಾತ್ರ ಹಾಕಿದಂತೆ. ಟೇಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಾಯಿಂಟೇ ಇಲ್ಲದಂತೆ ತಂತಿ ಎಳೆಯುವವನೇ ಒಳ್ಳೆಯ ಎಲೆಕ್ಟ್ರಿಷಿಯನ್ ಎಂಬುದು ಮಾಮು ಅಭಿಪ್ರಾಯ. ಹಸಿರು ತಂತಿಯನ್ನು ಅರ್ತಿಂಗ್ ಬಿಟ್ಟು ಬೇರೆ ಯಾವುದಕ್ಕೂ ಬಳಸಬೇಡಿ, ಕಾಯಿಲ್ ಉಳಿದಿದೆ ಎಂದೂ ಕೂಡ.

ಇದನ್ನೆಲ್ಲ ಓದಿ ನಾಳೆಯೇ ಮನೆ ಬೋರ್ಡ್ ಬಿಚ್ಚಲು ಹೋಗಬೇಡಿ. ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರು, ಪರ್ಮಿಟ್ ಇರುವವರು ಮಾಡಬೇಕೆಂಬುದು ಕಾನೂನು. ನನಗೆ ಪರ್ಮಿಟ್ ಇಲ್ಲ, ನಾನು ಈಗಲೂ ಏಣಿಯನ್ನೇ ಹಿಡಿಯುತ್ತೇನೆ. ಆದರೆ ಸಾಮಾನು ತರಲು ಅಬ್ಬಾ ಅಂಗಡಿಗೆ ಹೋಗುವಾಗ ನೀವು ಜೊತೆಗೆ ಹೋಗಬಹುದು. ಕೆಲಸಕ್ಕೆ ಬಂದವರಿಗೆ ಮನೆಯಲ್ಲಿ ಇನ್ವರ್ಟರ್ ಇದೆ, ಯಾವ ಲೈನುಗಳು ಅದರಲ್ಲಿವೆ ಎಂದು ಕೇಳುವ ಮೊದಲೇ ಹೇಳಬಹುದು.

ಪ್ಲಾಸ್ಟರ್ ಬಿಚ್ಚಿದ ಮರುದಿನ ಮಾಮು ಹರಿಹರದಲ್ಲೇ ಒಂದು ಸಣ್ಣ ಕೆಲಸ ಒಪ್ಪಿಕೊಂಡರು. ಬಲಗೈ ಇನ್ನೂ ಪೂರ್ತಿ ತಿರುಗುತ್ತಿರಲಿಲ್ಲ. ನಾನು ಜೇಬಿನಿಂದ ಹೊಸ ಟೆಸ್ಟರ್ ತೆಗೆದೆ, ಈ ಸಲ ಅಂಗಡಿಯದು, ನನ್ನ ಈದಿ ದುಡ್ಡಿನದು. ಮಾಮು ಕೈ ಚಾಚಿದರು. "ಒಂದು ನಿಮಿಷ ಮಾಮು" ಎಂದು ನಾನು ಮೊದಲು ಅಡುಗೆಮನೆಗೆ ಹೋಗಿ, ಮಿಕ್ಸಿ ಓಡುತ್ತಿದ್ದ ಬೋರ್ಡಿನ ಪಕ್ಕದ ಪ್ಲಗ್‌ನಲ್ಲಿ ಇಟ್ಟು ನೋಡಿದೆ. ಕೆಂಪಗೆ ಹೊತ್ತಿತು. ಆಮೇಲೆ ಕೊಟ್ಟೆ.